ಹೈಬ್ರಿಡ್ ಸೋಲಾರ್ ಮತ್ತು ಬ್ಯಾಟರಿಯನ್ನು ಗ್ರಿಡ್‌ಗೆ ಜೋಡಿಸುವುದು: ನ್ಯೂಟ್ರಲ್, ಸಿ.ಟಿ., ಬ್ಯಾಕಪ್ ಡಿಬಿ ಬಗ್ಗೆ ಪ್ರಶ್ನೆಗಳು

ಬಿಸಿಲುಕೋಲು

ತಂತಿ ಎಳೆಯುವ ಮುಂಚೆ ನಕ್ಷೆಯನ್ನು ಇಲ್ಲಿ ಇಡುತ್ತಿದ್ದೇನೆ. ತಪ್ಪಿದ್ದರೆ ಕಾಗದದ ಮೇಲೇ ತಪ್ಪಲಿ.

ಇನ್ವರ್ಟರ್: 5 ಕಿಲೋವ್ಯಾಟ್ ಸಿಂಗಲ್ ಫೇಸ್ ಹೈಬ್ರಿಡ್, ಎರಡು ಎಂಪಿಪಿಟಿ (ಪ್ಯಾನೆಲ್ ಸಾಲಿನಿಂದ ಗರಿಷ್ಠ ಪವರ್ ಎಳೆಯುವ ಇನ್‌ಪುಟ್), ಡಿಸಿ ಗರಿಷ್ಠ 500 ವೋಲ್ಟ್.
ಪ್ಯಾನೆಲ್: 545 ವ್ಯಾಟ್‌ನವು 10. ಓಪನ್ ಸರ್ಕ್ಯೂಟ್ ವೋಲ್ಟೇಜ್ 49.5, ಕೆಲಸದ ವೋಲ್ಟೇಜ್ 41.8. ಹತ್ತನ್ನೂ ಒಂದೇ ಸಾಲಿನಲ್ಲಿ ಹಾಕುವ ಯೋಚನೆ.
ಬ್ಯಾಟರಿ: 51.2 ವೋಲ್ಟ್, 100 ಆಂಪಿಯರ್-ಅವರ್ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್), ಒಂದು.
ಗ್ರಿಡ್: 230 ವೋಲ್ಟ್, 50 ಹರ್ಟ್ಜ್. ಮೀಟರ್‌ನಿಂದ ಇನ್ವರ್ಟರ್‌ಗೆ 30 ಮೀಟರ್ ದೂರ, 6 ಚದರ ಮಿ.ಮೀ. ತಾಮ್ರದ ಕೇಬಲ್.

ಗೊಂದಲ ಇರುವುದು ಇಷ್ಟು. ಇಡೀ ಮನೆಯನ್ನು ಇನ್ವರ್ಟರಿನ ಲೋಡ್ ಪೋರ್ಟಿಗೆ (ಗ್ರಿಡ್ ಹೋದಾಗಲೂ ಕರೆಂಟ್ ಕೊಡುವ ಕಡೆ) ಕೊಡಬೇಕಾ, ಬೇಕಾದಷ್ಟನ್ನೇ ಕೊಡಬೇಕಾ? ಬ್ಯಾಕಪ್ ಡಿಬಿಯ (ಆ ಪೋರ್ಟಿಗೆ ಸೇರುವ ವಿತರಣಾ ಪೆಟ್ಟಿಗೆಯ) ನ್ಯೂಟ್ರಲ್ ಎಲ್ಲಿಂದ ಬರಬೇಕು? ಸಿ.ಟಿ. ಕ್ಲ್ಯಾಂಪ್ (ತಂತಿಯ ಸುತ್ತ ಕೂತು ಕರೆಂಟ್ ಅಳೆಯುವುದು) ಎಲ್ಲಿ ಕೂರಬೇಕು? 1 ಎಚ್‌ಪಿ ನೀರಿನ ಪಂಪು ಬ್ಯಾಟರಿ ಮೇಲೆ ಓಡುತ್ತದಾ?

ತಾಮ್ರತಂತಿ

ಗ್ರಿಡ್ ಮಾತು ಆಮೇಲೆ. ನಿಮ್ಮ ನಕ್ಷೆಯಲ್ಲಿ ಇನ್ವರ್ಟರನ್ನು ಮೊದಲ ಚಳಿಗಾಲದ ಬೆಳಿಗ್ಗೆಯೇ ಸುಡುವ ಒಂದು ಸಾಲು ಇದೆ.

10 ಪ್ಯಾನೆಲ್ × 49.5 = 495 ವೋಲ್ಟ್. 500ರ ಒಳಗೇ ಇದೆ ಅನ್ನಿಸುತ್ತದೆ. ಆದರೆ 49.5 ಅನ್ನುವುದು ಸೆಲ್ 25 ಡಿಗ್ರಿಯಲ್ಲಿ ಇದ್ದಾಗಿನ ಲೆಕ್ಕ. ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಈಗಿನ ಪ್ಯಾನೆಲ್‌ಗಳಲ್ಲಿ ಡಿಗ್ರಿಗೆ ಸುಮಾರು 0.27%. ಸೆಲ್ 5 ಡಿಗ್ರಿಗೆ ಇಳಿದರೆ 20 × 0.27 = 5.4% ಹೆಚ್ಚು, ಅಂದರೆ ಸುಮಾರು 522 ವೋಲ್ಟ್. ಸೂರ್ಯ ಹುಟ್ಟಿ ಪ್ಯಾನೆಲ್ ಇನ್ನೂ ತಣ್ಣಗಿದ್ದು, ಇನ್ವರ್ಟರ್ ಇನ್ನೂ ಕರೆಂಟ್ ಎಳೆಯಲು ಶುರು ಮಾಡಿರದ ಹೊತ್ತಿನಲ್ಲೇ ಈ ವೋಲ್ಟೇಜ್ ಬರುವುದು. ಇನ್‌ಪುಟ್ ಕೆಪಾಸಿಟರ್, ಮಾಸ್‌ಫೆಟ್ ಹೋದರೆ ವಾರಂಟಿ ಸಿಗುವುದಿಲ್ಲ. ಇನ್ವರ್ಟರ್ ತನ್ನ ಮೆಮೊರಿಯಲ್ಲಿ ಗರಿಷ್ಠ ಡಿಸಿ ವೋಲ್ಟೇಜನ್ನು ಬರೆದಿಟ್ಟುಕೊಂಡಿರುತ್ತದೆ.

ಎರಡು ಎಂಪಿಪಿಟಿ ಇದೆಯಲ್ಲ, 5 + 5 ಮಾಡಿ. ಕೆಲಸದ ವೋಲ್ಟೇಜ್ 5 × 41.8 = 209. ಈಗ ಉಲ್ಟಾ ಲೆಕ್ಕವನ್ನೂ ನೋಡಬೇಕು: ಬೇಸಿಗೆಯಲ್ಲಿ ಸೆಲ್ 70 ಡಿಗ್ರಿ ಮುಟ್ಟಿದರೆ ಈ ವೋಲ್ಟೇಜ್ ಸುಮಾರು 15% ಬೀಳುತ್ತದೆ, 178ರ ಹತ್ತಿರ ನಿಲ್ಲುತ್ತದೆ. ನಿಮ್ಮ ಇನ್ವರ್ಟರಿನ ಎಂಪಿಪಿಟಿ ಕೆಳಮಿತಿ 120 ಅಥವಾ 150 ಇದ್ದರೆ ಸರಿ. 200 ಇದ್ದರೆ 5 + 5 ಆಗುವುದಿಲ್ಲ, 9ರ ಒಂದೇ ಸಾಲು ಹಾಕಿ. ಅದು 5 ಡಿಗ್ರಿಯಲ್ಲಿ 470 ಬರುತ್ತದೆ.

ಇನ್ನೊಂದು. ಡೇಟಾಶೀಟಿನಲ್ಲಿ ಎರಡು ಕರೆಂಟ್ ಮಿತಿ ಇರುತ್ತದೆ. ಕೆಲಸದ ಕರೆಂಟ್ ಮಿತಿ ದಾಟಿದರೆ ಇನ್ವರ್ಟರ್ ಅಷ್ಟಕ್ಕೇ ಕತ್ತರಿಸುತ್ತದೆ, ನಷ್ಟ ಸ್ವಲ್ಪ ಯೂನಿಟ್ ಮಾತ್ರ. ಶಾರ್ಟ್ ಸರ್ಕ್ಯೂಟ್ ಕರೆಂಟ್ ಮಿತಿಯನ್ನು ಮಾತ್ರ ಯಾವತ್ತೂ ದಾಟಬಾರದು. ದೊಡ್ಡ ಪ್ಯಾನೆಲ್‌ಗಳು 14 ಆಂಪಿಯರ್ ಹತ್ತಿರ ಇರುತ್ತವೆ, ಹಳೆ ವಿನ್ಯಾಸದ ಇನ್ವರ್ಟರ್‌ಗಳು ಅದಕ್ಕೆ ಮಾಡಿದವಲ್ಲ.

ಓಮ್‌ಕಾರ

ಮೇಲಿನದು ಪೂರ್ತಿ ಸರಿ. ಈಗ ಬ್ಯಾಟರಿ. ಇದು ಮೂಗಿಗಿಂತ ಮೂಗುತಿ ಭಾರ ಅನ್ನುವ ಪೈಕಿ.

100 ಆಂಪಿಯರ್-ಅವರ್ ಎಲ್‌ಎಫ್‌ಪಿ ಪ್ಯಾಕ್‌ಗಳಲ್ಲಿ ಎಷ್ಟೋ ಪ್ಯಾಕಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಎಲೆಕ್ಟ್ರಾನಿಕ್ಸ್) ನಿರಂತರವಾಗಿ 50 ಆಂಪಿಯರ್ ಮಾತ್ರ ಬಿಡುತ್ತದೆ. 51.2 × 50 = 2.56 ಕಿಲೋವ್ಯಾಟ್. ಗ್ರಿಡ್ ಇದ್ದಾಗ ಇದು ಕಾಣಿಸುವುದೇ ಇಲ್ಲ, ಕೊರತೆಯನ್ನು ಗ್ರಿಡ್ ತುಂಬುತ್ತದೆ. ಕರೆಂಟ್ ಹೋದ ರಾತ್ರಿ 3 ಕಿಲೋವ್ಯಾಟ್ ಲೋಡ್ ಬಿದ್ದರೆ ಬಿಎಂಎಸ್ ತನ್ನನ್ನು ತಾನೇ ಕಟ್ ಮಾಡಿಕೊಳ್ಳುತ್ತದೆ, ಮನೆ ಪೂರ್ತಿ ಕತ್ತಲು. ‘5 ಕಿಲೋವ್ಯಾಟ್ ಇನ್ವರ್ಟರ್ ಇದ್ದರೂ ಯಾಕೆ ಟ್ರಿಪ್’ ಅನ್ನುವ ಪ್ರಶ್ನೆಗೆ ಹತ್ತರಲ್ಲಿ ಎಂಟು ಸಲ ಉತ್ತರ ಇದೇ. ಬ್ಯಾಟರಿ ಡೇಟಾಶೀಟಿನಲ್ಲಿ ‘ನಿರಂತರ ಡಿಸ್ಚಾರ್ಜ್’ ಸಾಲು ನೋಡಿ. 100 ಆಂಪಿಯರ್ ಬಿಡುವ ಮಾದರಿಯೂ ಇದೆ. ಇಲ್ಲದಿದ್ದರೆ ಎರಡು ಪ್ಯಾಕ್ ಹಾಕಿ.

ಪಂಪು: 1 ಎಚ್‌ಪಿ ಅಂದರೆ 746 ವ್ಯಾಟ್ ಶಾಫ್ಟಿನ ಮೇಲೆ. ಎಳೆಯುವುದು 1.1 ಕಿಲೋವ್ಯಾಟ್ ಆಸುಪಾಸು. ಶುರುವಾಗುವಾಗ ಅದರ 5–6 ಪಟ್ಟು. 5 ಕಿಲೋವ್ಯಾಟ್ ಇನ್ವರ್ಟರ್ ಕೆಲವು ಸೆಕೆಂಡು ಎರಡರಷ್ಟು ತಡೆದರೂ 50 ಆಂಪಿಯರ್ ಬಿಎಂಎಸ್ ತಡೆಯದೇ ಇರಬಹುದು. ಪಂಪನ್ನು ಬ್ಯಾಕಪ್‌ನಿಂದ ಹೊರಗಿಡುವುದು ಒಂದು ದಾರಿ, ವಿಎಫ್‌ಡಿ (ಮೋಟರಿನ ವೇಗವನ್ನು ನಿಧಾನಕ್ಕೆ ಏರಿಸುವ ಡ್ರೈವ್) ಹಾಕುವುದು ಇನ್ನೊಂದು. ಸಿಂಗಲ್ ಫೇಸ್ ಕೆಪಾಸಿಟರ್ ಮೋಟರಿಗೆ ಸಾಮಾನ್ಯ ವಿಎಫ್‌ಡಿ ಒಗ್ಗುವುದಿಲ್ಲ ಅನ್ನುವುದು ನೆನಪಿರಲಿ, ಅದಕ್ಕೆ ತ್ರೀ ಫೇಸ್ ಮೋಟರ್ ಬೇಕು.

ಇಡೀ ಮನೆಯಾ, ಅರ್ಧವಾ? ನನ್ನ ಮತ ಅರ್ಧಕ್ಕೆ. ಇಡೀ ಮನೆ ಲೋಡ್ ಪೋರ್ಟಿನಲ್ಲಿದ್ದರೆ ಗ್ರಿಡ್ ಇದ್ದಾಗಲೂ ಎಲ್ಲ ಕರೆಂಟು ಇನ್ವರ್ಟರಿನ ಒಳಗಿನ ರಿಲೇ ಮೂಲಕವೇ ಹೋಗುತ್ತದೆ. ಮನೆಯ 6 ಕಿಲೋವ್ಯಾಟ್, ಜೊತೆಗೆ ಬ್ಯಾಟರಿ ಚಾರ್ಜಿಂಗ್ 2.5, ಒಟ್ಟು 8.5 ಕಿಲೋವ್ಯಾಟ್ ಅಂದರೆ 37 ಆಂಪಿಯರ್. ಆ ರಿಲೇ ಎಷ್ಟು ತಡೆಯುತ್ತದೆ ಅನ್ನುವುದು ‘ಬೈಪಾಸ್ ಕರೆಂಟ್’ ಅನ್ನುವ ಸಾಲಿನಲ್ಲಿ ಇರುತ್ತದೆ. 35 ಇದ್ದ ಕಡೆ 37 ಹರಿಸಿದರೆ ಒಂದೇ ದಿನಕ್ಕೆ ಹೋಗುವುದಿಲ್ಲ, ರಿಲೇ ಕಾಂಟ್ಯಾಕ್ಟ್ ನಿಧಾನಕ್ಕೆ ಬೆಸೆದುಕೊಳ್ಳುತ್ತದೆ.

ಹೀಟರ್, ಗೀಸರ್, ಏಸಿ, ಪಂಪು ಮೇನ್ ಡಿಬಿಯಲ್ಲೇ ಇರಲಿ. ದೀಪ, ಫ್ಯಾನ್, ಫ್ರಿಜ್, ರೌಟರ್, ಒಂದೆರಡು ಸಾಕೆಟ್ ಬ್ಯಾಕಪ್ ಡಿಬಿಗೆ. ಮೇನ್ ಡಿಬಿಯಲ್ಲಿದ್ದರೂ ಗೀಸರಿಗೆ ಹಗಲು ಸೋಲಾರ್ ಸಿಗುತ್ತದೆ, ಅದಕ್ಕೇ ಸಿ.ಟಿ. ಇರುವುದು.

ಹೊಸಹೊಸಿಲು

ಗ್ರಿಡ್ ಪೋರ್ಟ್, ಲೋಡ್ ಪೋರ್ಟ್ ಎರಡಕ್ಕೂ ಫೇಸ್ ಮತ್ತು ನ್ಯೂಟ್ರಲ್ ಇರುತ್ತದೆ. ಅದಲು ಬದಲಾದರೆ ಏನಾಗುತ್ತದೆ?

ಓಮ್‌ಕಾರ

ಲೋಡ್ ಪೋರ್ಟಿಗೆ ಗ್ರಿಡ್ ಕೊಟ್ಟರೆ ಇನ್ವರ್ಟರ್ ತಾನು ಹುಟ್ಟಿಸುವ ತರಂಗಕ್ಕೆ ಹೊರಗಿನ ತರಂಗ ಎದುರು ಬದುರಾಗುತ್ತದೆ. ಔಟ್‌ಪುಟ್ ಬ್ರಿಡ್ಜ್ ಸುಡುತ್ತದೆ, ಫ್ಯೂಸ್ ಕಾಪಾಡುವುದಿಲ್ಲ. ಬ್ಯಾಕಪ್ ಡಿಬಿಯ ಯಾವುದೋ ಸಾಕೆಟ್ ಇನ್ನೊಂದು ಕಡೆಯಿಂದ ಮೇನ್ ಡಿಬಿಗೂ ಸೇರಿದ್ದರೂ ಇದೇ ಗತಿ. ಹಳೆ ವೈರಿಂಗಿನಲ್ಲಿ ಎರಡು ಎಂಸಿಬಿಗೆ ಸೇರಿದ ಒಂದು ಸಾಕೆಟ್ ಇರುವುದು ಅಪರೂಪವೇನಲ್ಲ. ಮೇನ್ ಸ್ವಿಚ್, ಇನ್ವರ್ಟರ್ ಎಲ್ಲ ಆಫ್ ಮಾಡಿ, ಮೇನ್ ಡಿಬಿಯ ಎಂಸಿಬಿಗಳನ್ನು ಮಾತ್ರ ಆನ್ ಇಟ್ಟು, ಬ್ಯಾಕಪ್ ಡಿಬಿಗೆ ತಂದ ಪ್ರತಿ ಸರ್ಕ್ಯೂಟಿನ ಫೇಸಿನಿಂದ ಮೇನ್ ಡಿಬಿಯ ಫೇಸ್ ಬಾರ್‌ಗೆ ಕಂಟಿನ್ಯುಟಿ ಇದೆಯಾ ಅಂತ ಮಲ್ಟಿಮೀಟರಿನಲ್ಲಿ ನೋಡಿ. ಬೀಪ್ ಬಂದರೆ ಅಲ್ಲೇ ನಿಲ್ಲಿಸಿ.

ಕಗ್ಗಂಟು

ನ್ಯೂಟ್ರಲ್ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ ನೋಡಿ. ಇಡೀ ಕೆಲಸದಲ್ಲಿ ಕಷ್ಟದ ಭಾಗ ಅದೇ, ಹಾಗಾಗಿ ಉದ್ದ ಬರೆಯುತ್ತೇನೆ.

ಮೊದಲ ನಿಯಮ: ಬ್ಯಾಕಪ್ ಡಿಬಿಗೆ ತನ್ನದೇ ನ್ಯೂಟ್ರಲ್ ಬಾರ್, ಅದಕ್ಕೆ ಇನ್ವರ್ಟರಿನ ಲೋಡ್ ಪೋರ್ಟಿನ ನ್ಯೂಟ್ರಲ್. ಬ್ಯಾಕಪ್‌ಗೆ ಹೋದ ಸರ್ಕ್ಯೂಟಿನ ಫೇಸ್ ಮಾತ್ರ ಬದಲಾಯಿಸಿ ನ್ಯೂಟ್ರಲನ್ನು ಹಳೆ ಬಾರ್‌ನಲ್ಲೇ ಬಿಡುವುದು ಎಲ್ಲರೂ ಮಾಡುವ ತಪ್ಪು. ಗ್ರಿಡ್ ಇದ್ದಾಗ ದೀಪ ಉರಿಯುತ್ತದೆ, ಆದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದೆ: ಫೇಸಿನಲ್ಲಿ ಹೋದ ಕರೆಂಟ್ ಅದೇ ಆರ್‌ಸಿಸಿಬಿಯ ನ್ಯೂಟ್ರಲ್‌ನಲ್ಲಿ ವಾಪಸ್ ಬರುವುದಿಲ್ಲವಲ್ಲ. ಆರ್‌ಸಿಸಿಬಿ ಇಲ್ಲದ ಕಡೆ ಕರೆಂಟ್ ಹೋಗುವ ತನಕ ಗೊತ್ತೇ ಆಗುವುದಿಲ್ಲ. ಹೋದಾಗ ಇನ್ವರ್ಟರ್ ಗ್ರಿಡ್ ಕಡೆಯ ಎರಡೂ ತಂತಿ ಕಡಿಯುತ್ತದೆ, ದೀಪದ ದಾರಿ ತುಂಡಾಗುತ್ತದೆ.

ಎರಡನೆಯದು ಅರ್ತ್ ಜೊತೆಗಿನ ಸಂಬಂಧ. ಗ್ರಿಡ್ ಇದ್ದಾಗ ನಿಮ್ಮ ನ್ಯೂಟ್ರಲ್ ಎಲ್ಲೋ ಒಂದು ಕಡೆ ಭೂಮಿಗೆ ಸೇರಿರುತ್ತದೆ, ಟ್ರಾನ್ಸ್‌ಫಾರ್ಮರ್ ಹತ್ತಿರವೋ ಮನೆಗೆ ಬರುವ ಜಾಗದಲ್ಲೋ. ಆ ಸೇರುವಿಕೆ ಇರುವುದರಿಂದಲೇ ಫ್ರಿಜ್ ಬಾಡಿಗೆ ಫೇಸ್ ತಗುಲಿದರೆ ಆರ್‌ಸಿಸಿಬಿ ಬೀಳುವುದು. ಇನ್ವರ್ಟರ್ ಗ್ರಿಡ್‌ನಿಂದ ಕಳಚಿಕೊಂಡ ಕ್ಷಣ ನ್ಯೂಟ್ರಲ್ ತೇಲಲು ಶುರುವಾಗುತ್ತದೆ. ಈಗ ಫೇಸ್ ಬಾಡಿಗೆ ತಗುಲಿದರೆ ಕರೆಂಟ್ ವಾಪಸ್ ಬರಲು ದಾರಿಯೇ ಇಲ್ಲ, ಆರ್‌ಸಿಸಿಬಿ ಸುಮ್ಮನೆ ಕೂರುತ್ತದೆ. ಮನೆಯಲ್ಲಿ ಆರ್‌ಸಿಸಿಬಿ ಇದೆ ಅಂತ ನಂಬಿಕೊಂಡಿರುತ್ತೀರಿ, ಅದು ಅಲಂಕಾರಕ್ಕೆ ಇರುತ್ತದೆ.

ಪರಿಹಾರ: ಐಲ್ಯಾಂಡ್ ಆದಾಗ (ಇನ್ವರ್ಟರ್ ಗ್ರಿಡ್‌ನಿಂದ ಕಳಚಿ ಒಂಟಿಯಾಗಿ ಓಡುವಾಗ) ಮಾತ್ರ ಲೋಡ್ ನ್ಯೂಟ್ರಲನ್ನು ಅರ್ತ್‌ಗೆ ಸೇರಿಸುವ ರಿಲೇ. ಕೆಲವು ಇನ್ವರ್ಟರ್‌ಗಳಲ್ಲಿ ಒಳಗೇ ಇದೆ, ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು. ಕೆಲವು ಹೊರಗಿನ ಕಾಂಟ್ಯಾಕ್ಟರ್‌ಗೆ ಸಿಗ್ನಲ್ ಮಾತ್ರ ಕೊಡುತ್ತವೆ. ರಿಲೇ ಸೇರಿಸುವ ಜಾಗ ಬ್ಯಾಕಪ್ ಆರ್‌ಸಿಸಿಬಿಗಿಂತ ಹಿಂದೆ, ಇನ್ವರ್ಟರ್ ಕಡೆಗೆ ಇರಬೇಕು. ಆರ್‌ಸಿಸಿಬಿ ದಾಟಿದ ಮೇಲೆ ಸೇರಿಸಿದರೆ ಸೋರಿದ ಕರೆಂಟೂ ಅದರ ನ್ಯೂಟ್ರಲ್ ಮೂಲಕವೇ ವಾಪಸ್ ಬರುತ್ತದೆ, ಅದು ಬೀಳುವುದೇ ಇಲ್ಲ.

ಮತ್ತೆ, ಅರ್ತ್ ಅಂದರೆ ಮನೆಯ ಸ್ವಂತ ಅರ್ತ್ ರಾಡ್. ಹೊರಗಿನ ಲೈನಿನ ನ್ಯೂಟ್ರಲನ್ನೇ ಅರ್ತ್ ಅಂತ ಕೊಡುವ ವ್ಯವಸ್ಥೆ ಇದ್ದರೆ, ಲೈನ್ ಕಡಿದು ಬಿದ್ದಾಗ ಅದೂ ಹೋಗಿರುತ್ತದೆ. ಬ್ಯಾಕಪ್ ಬೇಕಾಗುವುದು ಅಂಥ ಹೊತ್ತಿನಲ್ಲೇ ತಾನೇ.

ಸುಲಭದಾರಿ

ಇಷ್ಟೆಲ್ಲ ಯಾಕೆ? ಬ್ಯಾಕಪ್ ಡಿಬಿಯಲ್ಲಿ ನ್ಯೂಟ್ರಲ್ ಬಾರ್‌ನಿಂದ ಅರ್ತ್ ಬಾರ್‌ಗೆ ಒಂದು ಜಂಪರ್ ಹಾಕಿದರೆ ಮುಗಿಯಿತು. ಬಹಳ ಕಡೆ ಹೀಗೇ ಮಾಡುತ್ತಾರೆ.

ಕಗ್ಗಂಟು

ಮಾಡುತ್ತಾರೆ, ಹೌದು. ಗ್ರಿಡ್ ಬಂದ ಕೂಡಲೇ ನ್ಯೂಟ್ರಲ್ ಎರಡು ಜಾಗದಲ್ಲಿ ಭೂಮಿಗೆ ಸೇರಿದಂತಾಗುತ್ತದೆ. ಮನೆಯ ನ್ಯೂಟ್ರಲ್ ಕರೆಂಟಿನ ಒಂದು ಪಾಲು ಅರ್ತ್ ತಂತಿಯಲ್ಲಿ ಹರಿಯುತ್ತದೆ: ನಲ್ಲಿ ಪೈಪು, ಪ್ಯಾನೆಲ್ ಫ್ರೇಮ್, ಕೇಬಲ್ ಟಿವಿ ಕವಚ ಎಲ್ಲದರಲ್ಲೂ. ಮೇನ್ ಕಡೆ ಆರ್‌ಸಿಸಿಬಿ ಇದ್ದರೆ ಅದು ಕೂರುವುದೇ ಇಲ್ಲ. ಆಗ ಯಾರೋ ಬಂದು ಆರ್‌ಸಿಸಿಬಿಯನ್ನೇ ತೆಗೆದುಹಾಕುತ್ತಾರೆ. ಇನ್ನೂ ಕೆಟ್ಟದ್ದು, ಹೊರಗಿನ ನ್ಯೂಟ್ರಲ್ ಸಡಿಲವಾದರೆ ಬೀದಿಯ ಕರೆಂಟೂ ನಿಮ್ಮ ಅರ್ತ್ ರಾಡ್ ಹುಡುಕಿಕೊಂಡು ಬರುತ್ತದೆ. ಜಂಪರ್ ಬೇಡ.

ಹೊಸಹೊಸಿಲು

ಕರೆಂಟ್ ಹೋದಾಗ ಸಾಕೆಟಿನ ಎರಡೂ ತೂತಿನಲ್ಲಿ ಟೆಸ್ಟರ್ ಮಿಣುಕುತ್ತದೆ, ಆದರೆ ಉಪಕರಣ ಸರಿಯಾಗೇ ಓಡುತ್ತದೆ. ಇದು ಆ ತೇಲುವ ನ್ಯೂಟ್ರಲ್ಲಾ?

ಕಗ್ಗಂಟು

ಅದೇ. ಮಲ್ಟಿಮೀಟರ್ ಹಿಡಿದರೆ ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಎರಡೂ ಸುಮಾರು 115 ವೋಲ್ಟ್ ತೋರಿಸುತ್ತವೆ. ಇನ್ವರ್ಟರಿನ ಫಿಲ್ಟರ್ ಕೆಪಾಸಿಟರ್‌ಗಳು 230ನ್ನು ನಡುವೆ ಪಾಲು ಮಾಡಿರುತ್ತವೆ. ರಿಲೇ ಸರಿಯಾಗಿ ಕೂತಿದ್ದರೆ ನ್ಯೂಟ್ರಲ್-ಅರ್ತ್ 1–2 ವೋಲ್ಟಿನ ಒಳಗೆ, ಫೇಸ್-ಅರ್ತ್ 230.

ಎಚ್ಚರಿಕೆ: ಕೆಲವು ಇನ್ವರ್ಟರ್‌ಗಳು ನ್ಯೂಟ್ರಲನ್ನು ಕಡಿಯುವುದಿಲ್ಲ, ನೇರ ಹಾಯಿಸುತ್ತವೆ. ಅಂಥದ್ದಕ್ಕೆ ರಿಲೇ ಸೇರಿಸಿದರೆ ಜಂಪರ್ ಹಾಕಿದಷ್ಟೇ ತೊಂದರೆ. ಮೊದಲು ಮ್ಯಾನುಯಲ್‌ನ ಒಳನಕ್ಷೆ ನೋಡಿ. ಖಾತ್ರಿಗೆ ಬ್ಯಾಟರಿ, ಪ್ಯಾನೆಲ್, ಗ್ರಿಡ್ ಎಲ್ಲ ಆಫ್ ಮಾಡಿ, ಐದು ನಿಮಿಷ ಬಿಟ್ಟು, ಗ್ರಿಡ್ ನ್ಯೂಟ್ರಲ್ ಮತ್ತು ಲೋಡ್ ನ್ಯೂಟ್ರಲ್ ನಡುವೆ ಓಮ್ ಅಳೆಯಿರಿ. ಸೊನ್ನೆ ಬಂದರೆ ಅದು ಹಾಯಿಸುವ ಜಾತಿ.

ಮೀಟರ್‌ಹುಳು

ಸಿ.ಟಿ. ನನ್ನ ಪಾಲಿಗೆ ಬಿಡಿ.

ಜಾಗ: ಮೀಟರ್ ದಾಟಿದ ತಕ್ಷಣ, ಮೇನ್ ಡಿಬಿ ಮತ್ತು ಇನ್ವರ್ಟರ್ ಕವಲು ಒಡೆಯುವ ಮುಂಚೆ. ಮನೆಯ ಒಂದು ಬಲ್ಬೂ ಸಿ.ಟಿ.ಗಿಂತ ಹಿಂದೆ ಇರಬಾರದು. ಫೇಸ್ ತಂತಿ ಒಂದನ್ನೇ ಒಳಗೆ ಹಾಕಿ. ಫೇಸ್-ನ್ಯೂಟ್ರಲ್ ಎರಡೂ ಹೋದರೆ ಒಂದನ್ನೊಂದು ಕಳೆದು ಯಾವಾಗಲೂ ಸೊನ್ನೆ ತೋರಿಸುತ್ತದೆ. ಕ್ಲ್ಯಾಂಪಿನ ಬಾಯಿ ‘ಟಕ್’ ಅಂತ ಪೂರ್ತಿ ಮುಚ್ಚಬೇಕು, ಕೂದಲೆಳೆ ಸಂದು ಉಳಿದರೂ ಅಳತೆ ಕೆಡುತ್ತದೆ.

ಬಾಣದ ದಿಕ್ಕು ಕಂಪನಿಯಿಂದ ಕಂಪನಿಗೆ ಬೇರೆ. ಬಾಣವನ್ನು ನಂಬಬೇಡಿ, ಪರೀಕ್ಷೆಯನ್ನು ನಂಬಿ. ಪ್ಯಾನೆಲ್ ಐಸೊಲೇಟರ್ ಆಫ್, ಬ್ಯಾಟರಿ ಡಿಸ್ಚಾರ್ಜ್ ಸೊನ್ನೆಗೆ. ಮೇನ್ ಡಿಬಿ ಕಡೆ 2 ಕಿಲೋವ್ಯಾಟ್ ಹೀಟರ್ ಹಾಕಿ. ಪರದೆಯಲ್ಲಿ ಗ್ರಿಡ್‌ನಿಂದ 2 ಕಿಲೋವ್ಯಾಟ್ ಆಮದು ಅಂತ ಬರಬೇಕು.

ರಫ್ತು 2 ಕಿಲೋವ್ಯಾಟ್ ಬಂದರೆ ಕ್ಲ್ಯಾಂಪ್ ತಿರುಗಿಸಿ. ಹಾಗೇ ಬಿಟ್ಟರೆ ಇನ್ವರ್ಟರ್ ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೆ ಎಳೆಯುತ್ತದೆ: ರಫ್ತನ್ನು ಆಮದು ಅಂದುಕೊಂಡು ಅದನ್ನು ತುಂಬಲು ಇನ್ನಷ್ಟು ಉತ್ಪಾದಿಸುತ್ತದೆ, ಅದೂ ಹೊರಗೆ ಹೋಗುತ್ತದೆ, ರಾತ್ರೋರಾತ್ರಿ ಬ್ಯಾಟರಿ ಪೂರ್ತಿ ಗ್ರಿಡ್‌ಗೆ ಸುರಿದು ಖಾಲಿಯಾಗುತ್ತದೆ.

1 ಕಿಲೋವ್ಯಾಟ್ ಆಮದು ಅಂತ ಬಂದರೆ ಅನುಪಾತದ ಸೆಟ್ಟಿಂಗ್ ತಪ್ಪು. 100 ಆಂಪಿಯರ್‌ಗೆ 50 ಮಿಲಿಆಂಪಿಯರ್ ಕೊಡುವ ಸಿ.ಟಿ. ಅಂದರೆ 2000:1. ಸೆಟ್ಟಿಂಗ್‌ನಲ್ಲಿ 1000:1 ಇದ್ದರೆ ಅರ್ಧ ಕಾಣುತ್ತದೆ.

ತ್ರೀ ಫೇಸ್ ಮನೆಯವರಿಗೆ ಇನ್ನೊಂದು ಮಜಾ ಇದೆ. ಹೀಟರ್ 2 ಕಿಲೋವ್ಯಾಟ್, ಪರದೆಯಲ್ಲಿ 1 ಕಿಲೋವ್ಯಾಟ್ ರಫ್ತು! ಸಿ.ಟಿ. ಕೂತಿರುವ ಫೇಸ್ ಬೇರೆ, ಇನ್ವರ್ಟರ್ ವೋಲ್ಟೇಜ್ ಅಳೆಯುತ್ತಿರುವ ಫೇಸ್ ಬೇರೆ. ಎರಡರ ನಡುವೆ 120 ಡಿಗ್ರಿ, ಕೊಸೈನ್ 120 ಅಂದರೆ ಮೈನಸ್ 0.5, ಹಾಗಾಗಿ 2 ಕಿಲೋವ್ಯಾಟ್ ಮೈನಸ್ 1 ಆಗುತ್ತದೆ. ಇದನ್ನು ನೋಡಿ ಕ್ಲ್ಯಾಂಪ್ ತಿರುಗಿಸಿದರೆ ಪ್ಲಸ್ 1 ಬರುತ್ತದೆ, ‘ಸರಿಹೋಯಿತು, ಅನುಪಾತ ಮಾತ್ರ ತಪ್ಪು’ ಅಂತ ಮೋಸ ಹೋಗುತ್ತೀರಿ. ಅನುಪಾತ ಬದಲಿಸುವ ಮುಂಚೆ ಫೇಸ್ ಹೊಂದಿಕೆ ನೋಡಿ.

30 ಮೀಟರ್ ದೂರಕ್ಕೆ ಸಿ.ಟಿ. ತಂತಿಯನ್ನು ಸುಮ್ಮನೆ ಗಂಟು ಹಾಕಿ ಉದ್ದ ಮಾಡಬೇಡಿ. ಹೆಣೆದ ಜೋಡಿ, ಕವಚ ಇರುವ ಕೇಬಲ್ ಬೇಕು, ಪವರ್ ಕೇಬಲಿನ ಪೈಪಿನಲ್ಲಿ ಹಾಯಿಸಬಾರದು. ನಿಮ್ಮ ಇನ್ವರ್ಟರ್ ಆರ್‌ಎಸ್‌485 (ಡೇಟಾ ತಂತಿ) ಮೂಲಕ ಮಾತಾಡುವ ಸ್ಮಾರ್ಟ್ ಮೀಟರ್ ಒಪ್ಪುತ್ತದಾದರೆ ಈ ದೂರಕ್ಕೆ ಅದೇ ಉತ್ತಮ.

ಬಿಸಿಲುಕೋಲು

ರಫ್ತನ್ನೂ ಎಣಿಸುವ ಮೀಟರ್ ಬರುವ ತನಕ ಗ್ರಿಡ್‌ಗೆ ರಫ್ತು ಸೊನ್ನೆಗೆ ಇಟ್ಟರೆ ಸಾಕಲ್ಲವೇ?

ಮೀಟರ್‌ಹುಳು

ಪೂರ್ತಿ ಸೊನ್ನೆ ಅನ್ನುವುದು ಹೆಸರಿಗೆ. 2 ಕಿಲೋವ್ಯಾಟ್ ಕೆಟಲ್ ಆಫ್ ಆದ ಕ್ಷಣದಿಂದ ಇನ್ವರ್ಟರ್ ಇಳಿಸುವ ತನಕ ಒಂದೆರಡು ಸೆಕೆಂಡು ಆ 2 ಕಿಲೋವ್ಯಾಟ್ ಹೊರಗೇ ಹೋಗುತ್ತದೆ. ದಿಕ್ಕು ಗುರುತಿಸದ ಕೆಲವು ಎಲೆಕ್ಟ್ರಾನಿಕ್ ಮೀಟರ್‌ಗಳು ಇದನ್ನೂ ಬಳಕೆ ಅಂತಲೇ ಎಣಿಸುತ್ತವೆ. ಪ್ರೀಪೇಯ್ಡ್ ಮೀಟರ್‌ಗಳಲ್ಲಿ ಕೆಲವು ಉಲ್ಟಾ ಹರಿವನ್ನು ಕಳ್ಳತನ ಅಂದುಕೊಂಡು ಲಾಕ್ ಆಗುತ್ತವೆ. 20–50 ವ್ಯಾಟ್ ಯಾವಾಗಲೂ ಆಮದು ಇರುವಂತೆ ಸೆಟ್ ಮಾಡಿದರೆ ಸಣ್ಣ ಸೋರಿಕೆ ನಿಲ್ಲುತ್ತದೆ, ಕೆಟಲ್ ಸೋರಿಕೆ ನಿಲ್ಲುವುದಿಲ್ಲ. ಮತ್ತು ರಫ್ತು ಸೊನ್ನೆ ಇದ್ದರೂ ಇನ್ವರ್ಟರ್ ಗ್ರಿಡ್‌ಗೆ ಸಮಾನಾಂತರವಾಗೇ ಓಡುತ್ತಿರುತ್ತದೆ. ಬಹುತೇಕ ಕಡೆ ಅದಕ್ಕೂ ವಿದ್ಯುತ್ ಸಂಸ್ಥೆಯ ಅನುಮತಿ ಬೇಕು.

ತಾಮ್ರತಂತಿ

30 ಮೀಟರ್ ಕೇಬಲ್ ಬಗ್ಗೆ. 6 ಚದರ ಮಿ.ಮೀ. ತಾಮ್ರ ಮೀಟರಿಗೆ ಸುಮಾರು 3.08 ಮಿಲಿಓಮ್. ಹೋಗಿ ಬರುವುದು 60 ಮೀಟರ್, 0.185 ಓಮ್. 5 ಕಿಲೋವ್ಯಾಟ್ ರಫ್ತಾಗುವಾಗ 21.7 ಆಂಪಿಯರ್, ಅಂದರೆ 4 ವೋಲ್ಟ್ ಏರಿಕೆ. ಬಳಸುವಾಗ ವೋಲ್ಟೇಜ್ ಕೇಬಲಿನಲ್ಲಿ ಬೀಳುತ್ತದೆ, ರಫ್ತಾಗುವಾಗ ಇನ್ವರ್ಟರ್ ಕಡೆ ಏರುತ್ತದೆ. ಮೀಟರ್ ಹತ್ತಿರ 250 ಇದ್ದರೆ ಇನ್ವರ್ಟರ್ 254 ನೋಡುತ್ತದೆ, 253ರ ಮಿತಿ ದಾಟಿ ನಿಲ್ಲುತ್ತದೆ. ಬಿಸಿಲು ಜೋರಾಗಿರುವ ಮಧ್ಯಾಹ್ನವೇ ನಿಲ್ಲುತ್ತದೆ, ಯಾಕೆಂದರೆ ಏರಿಕೆ ಆಗಲೇ ಹೆಚ್ಚು.

10 ಚದರ ಮಿ.ಮೀ. ಹಾಕಿದರೆ ಏರಿಕೆ 2.4 ವೋಲ್ಟಿಗೆ ಇಳಿಯುತ್ತದೆ. 40 ಆಂಪಿಯರ್ ಬ್ರೇಕರ್‌ಗೂ 10 ಇರುವುದೇ ನೆಮ್ಮದಿ.

ಆಮೇಲೂ ಟ್ರಿಪ್ ಆದರೆ ಒಂದೇ ಹೊತ್ತಿನಲ್ಲಿ ಎರಡು ಕಡೆ ಅಳೆಯಿರಿ. ಇನ್ವರ್ಟರಿನಲ್ಲಿ 254, ಮೀಟರಿನಲ್ಲಿ 248 ಅಂದರೆ ತೊಂದರೆ ನಿಮ್ಮ ಕೇಬಲ್ ಅಥವಾ ಸಡಿಲ ಜಾಯಿಂಟ್. ಮೀಟರಿನಲ್ಲೇ 253 ಇದ್ದರೆ ಲೈನಿನದು, ಟ್ರಾನ್ಸ್‌ಫಾರ್ಮರ್ ಟ್ಯಾಪ್ ಇಳಿಸಲು ಬರೆದುಕೊಡಿ. ಇನ್ವರ್ಟರಿನ ಮೇಲ್ಮಿತಿಯನ್ನು 265ಕ್ಕೆ ಏರಿಸಿ ಕೈತೊಳೆದುಕೊಳ್ಳಬೇಡಿ. ಆ ವೋಲ್ಟೇಜ್ ನಿಮ್ಮ ಫ್ರಿಜ್ಜಿಗೂ ಪಕ್ಕದ ಮನೆಯ ಫ್ರಿಜ್ಜಿಗೂ ಹೋಗುತ್ತದೆ.

ಓಮ್‌ಕಾರ

ಬ್ಯಾಟರಿ ಕೇಬಲ್ ಯಾರೂ ಹೇಳಲಿಲ್ಲ. 5000 ವ್ಯಾಟ್ ಹೊರಗೆ ಬೇಕಾದರೆ 94% ದಕ್ಷತೆ, 48 ವೋಲ್ಟಿನಲ್ಲಿ 111 ಆಂಪಿಯರ್. 2 ಮೀಟರ್ ಒಳಗೆ 35 ಚದರ ಮಿ.ಮೀ. ಹಾಕಿ. ಪಾಸಿಟಿವ್‌ನಲ್ಲಿ ಬ್ಯಾಟರಿಗೆ ಅಂಟಿದಷ್ಟು ಹತ್ತಿರ 150 ಆಂಪಿಯರ್ ಕ್ಲಾಸ್-ಟಿ ಫ್ಯೂಸ್. ಎಲ್‌ಎಫ್‌ಪಿ ಶಾರ್ಟ್ ಆದರೆ ಸಾವಿರಗಟ್ಟಲೆ ಆಂಪಿಯರ್ ಸುರಿಯುತ್ತದೆ, ಏಸಿ ಎಂಸಿಬಿಯನ್ನು ಅಲ್ಲಿ ಹಾಕಿದರೆ ಅದರೊಳಗಿನ ಡಿಸಿ ಕಿಡಿ ಆರುವುದೇ ಇಲ್ಲ. ಲಗ್ ಗಟ್ಟಿ ಇರಲಿ: 1 ಮಿಲಿಓಮ್ ಸಡಿಲ ಇದ್ದರೂ 110 ಆಂಪಿಯರಿಗೆ 12 ವ್ಯಾಟ್ ಬಿಸಿ ಒಂದೇ ಬೋಲ್ಟಿನಲ್ಲಿ. ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು.

ಎರಡನೇ ಪ್ಯಾಕ್ ತಂದರೆ ಸೇರಿಸುವ ಮುಂಚೆ ಎರಡನ್ನೂ ಬೇರೆ ಬೇರೆ ಪೂರ್ತಿ ಚಾರ್ಜ್ ಮಾಡಿ, ವೋಲ್ಟೇಜ್ ವ್ಯತ್ಯಾಸ 0.1–0.2ರ ಒಳಗಿರಬೇಕು. ಕೇಬಲ್ ಉದ್ದ ಸಮ. ಇನ್ವರ್ಟರಿಗೆ ಪಾಸಿಟಿವ್ ಒಂದನೇ ಪ್ಯಾಕಿನಿಂದ, ನೆಗೆಟಿವ್ ಎರಡನೆಯದರಿಂದ.

ಬಿಎಂಎಸ್ ಸಂವಹನ: ನೆಟ್‌ವರ್ಕ್ ಕೇಬಲ್ ತರಹ ಕಾಣುತ್ತದೆ, ಆದರೆ ಪಿನ್ ಹೊಂದಬೇಕು. ಬ್ಯಾಟರಿಯಲ್ಲಿ ಕ್ಯಾನ್ ಮತ್ತು ಆರ್‌ಎಸ್‌485 ಅಂತ ಒಂದೇ ಆಕಾರದ ಎರಡು ಕಿಂಡಿ ಇರುತ್ತವೆ. ತಪ್ಪು ಕಿಂಡಿ, ತಪ್ಪು ಡಿಪ್ ಸ್ವಿಚ್ ವಿಳಾಸ, ತಪ್ಪು ಪ್ರೋಟೋಕಾಲ್ ಸಂಖ್ಯೆ, ಈ ಮೂರರಲ್ಲಿ ಒಂದು ತಪ್ಪಿದರೂ ‘ಬಿಎಂಎಸ್ ಇಲ್ಲ’ ಅನ್ನುತ್ತದೆ. ಕ್ಯಾನ್ ತಂತಿಗಳ ನಡುವೆ ಎಲ್ಲ ಆಫ್ ಇದ್ದಾಗ 60 ಓಮ್ ಬರಬೇಕು, ಎರಡೂ ತುದಿಯ 120 ಓಮ್ ಸಮಾನಾಂತರವಾಗಿ. 120 ಬಂದರೆ ಒಂದು ತುದಿಯ ರೆಸಿಸ್ಟರ್ ಇಲ್ಲ.

ರಾತ್ರಿ ಇದ್ದಕ್ಕಿದ್ದಂತೆ ಗ್ರಿಡ್‌ನಿಂದ ಬ್ಯಾಟರಿ ಚಾರ್ಜ್ ಆಗುವುದು ಕಂಡರೆ ಹೆದರಬೇಡಿ. ಎಲ್‌ಎಫ್‌ಪಿ ವೋಲ್ಟೇಜ್ ಸಪಾಟಾಗಿರುವುದರಿಂದ ಬಿಎಂಎಸ್‌ನ ಶೇಕಡಾ ಲೆಕ್ಕ ದಿನ ಕಳೆದಂತೆ ಜಾರುತ್ತದೆ. ತೀರಾ ಕೆಳಗೆ ಇಳಿದಿದ್ದೇನೆ ಅನ್ನಿಸಿದಾಗ ಅದು ಬಲವಂತದ ಚಾರ್ಜ್ ಕೇಳುತ್ತದೆ. ಆಗಾಗ 100% ಮುಟ್ಟಲು ಬಿಟ್ಟರೆ ಲೆಕ್ಕ ನೇರವಾಗುತ್ತದೆ.

ಸುಲಭದಾರಿ

ಒಂದು ಪ್ಯಾಕಿನಲ್ಲಿ ಎಷ್ಟು ಹೊತ್ತು ತಳ್ಳಬಹುದು?

ಓಮ್‌ಕಾರ

5.12 ಯೂನಿಟ್, 20% ತಳದಲ್ಲಿ ಬಿಟ್ಟರೆ 4.1, ಪರಿವರ್ತನೆಯ ನಷ್ಟ ಕಳೆದು 3.8. ಇನ್ವರ್ಟರ್ ತನ್ನ ಹೊಟ್ಟೆಗೆ 50 ವ್ಯಾಟ್ ಆಸುಪಾಸು ತಿನ್ನುತ್ತದೆ. 500 ವ್ಯಾಟ್ ಲೋಡಿಗೆ ಸುಮಾರು 7 ಗಂಟೆ. ಆದರೆ ಸಂಜೆ ಬಳಕೆಗೇ ಬ್ಯಾಟರಿಯನ್ನು 20%ಗೆ ಇಳಿಸಿಟ್ಟರೆ ರಾತ್ರಿ ಕರೆಂಟ್ ಹೋದಾಗ ಕೈಯಲ್ಲಿ ಏನೂ ಇರುವುದಿಲ್ಲ. ಗ್ರಿಡ್ ಇರುವಾಗಿನ ತಳ 40%, ಇಲ್ಲದಾಗಿನ ತಳ 15–20%, ಹೀಗೆ ಎರಡು ಬೇರೆ ಇಡಿ.

ಮೀಟರ್‌ಹುಳು

ಪರಿಶೀಲನೆಗೆ ಬರುವವರು ಕೇಳುವುದು ಸಾಮಾನ್ಯವಾಗಿ ಇವು: ಸಿಂಗಲ್ ಲೈನ್ ನಕ್ಷೆ, ಇನ್ವರ್ಟರಿನ ಪ್ರಮಾಣಪತ್ರ, ಅರ್ತ್ ರೆಸಿಸ್ಟೆನ್ಸ್ ಅಳತೆ, ಬೀಗ ಹಾಕಬಹುದಾದ ಏಸಿ ಐಸೊಲೇಟರ್ ಕೈಗೆಟಕುವ ಜಾಗದಲ್ಲಿ, ‘ಎರಡು ಕಡೆಯಿಂದ ವಿದ್ಯುತ್’ ಫಲಕ. ಪ್ರಮಾಣಪತ್ರದಲ್ಲಿ ಐಇಸಿ 62116 ಹುಡುಕುತ್ತಾರೆ, ಗ್ರಿಡ್ ಹೋದ 2 ಸೆಕೆಂಡಿನೊಳಗೆ ಇನ್ವರ್ಟರ್ ಲೈನಿಗೆ ಕೊಡುವುದನ್ನು ನಿಲ್ಲಿಸುತ್ತದೆ ಅನ್ನುವ ಪರೀಕ್ಷೆ ಅದು. ಕಂಬದ ಮೇಲಿರುವ ಲೈನ್‌ಮ್ಯಾನ್ ಜೀವ ಆ 2 ಸೆಕೆಂಡಿನ ಮೇಲೆ ನಿಂತಿದೆ. ಗ್ರಿಡ್ ಕೋಡ್ ಆಯ್ಕೆ ನಿಮ್ಮ ದೇಶದ್ದೇ ಇರಬೇಕು, ಪೆಟ್ಟಿಗೆಯಿಂದ ಬಂದದ್ದು ಹಾಗೇ ಬಿಟ್ಟಿರುವುದು ಬಹಳ ಕಡೆ ಕಾಣುತ್ತದೆ.

ಇನ್ನೊಂದನ್ನು ನಕ್ಷೆಯಲ್ಲೇ ಸೇರಿಸಿಬಿಡಿ: ಮೂರು ಸ್ಥಾನದ ಎರಡು ಪೋಲ್ ಚೇಂಜ್‌ಓವರ್. 1 ಇನ್ವರ್ಟರ್, 0 ಆಫ್, 2 ನೇರ ಗ್ರಿಡ್. ಇನ್ವರ್ಟರ್ ರಿಪೇರಿಗೆ ಹೋದಾಗ ಬ್ಯಾಕಪ್ ಡಿಬಿ ಸಾಯಬಾರದು. ಫೇಸ್ ಜೊತೆ ನ್ಯೂಟ್ರಲೂ ಬದಲಾಗಬೇಕು, ಒಂದು ಪೋಲ್ ಸ್ವಿಚ್ ನಡೆಯುವುದಿಲ್ಲ.

ತಾಮ್ರತಂತಿ

ಮಳೆಗಾಲದ ಬೆಳಿಗ್ಗೆ ‘ಪಿವಿ ಐಸೊಲೇಷನ್ ಕಡಿಮೆ’ ಅಂತ ನಿಂತು, ಹತ್ತು ಗಂಟೆಗೆ ತಾನೇ ಶುರುವಾದರೆ ಎಲ್ಲೋ ಕನೆಕ್ಟರಿಗೆ ನೀರು ಹೋಗಿದೆ. ಹುಡುಕುವ ಉಪಾಯ: ಐಸೊಲೇಟರ್ ಆಫ್ ಮಾಡಿ, ಸಾಲಿನ ಪಾಸಿಟಿವ್-ಅರ್ತ್ ಮತ್ತು ನೆಗೆಟಿವ್-ಅರ್ತ್ ಅಳೆಯಿರಿ. ಮೀಟರ್ ಮತ್ತು ಅದರ ತಂತಿ 1000 ವೋಲ್ಟ್ ಡಿಸಿ ತಡೆಯುವಂಥದ್ದಿರಲಿ. ದೋಷ ಇಲ್ಲದ ಸಾಲಿನಲ್ಲಿ ಎರಡೂ ನಿಧಾನಕ್ಕೆ ಸೊನ್ನೆ ಕಡೆ ಜಾರುತ್ತವೆ. ದೋಷ ಇದ್ದರೆ ಎರಡೂ ಗಟ್ಟಿ ನಿಲ್ಲುತ್ತವೆ, ಅವುಗಳ ಪಾಲೇ ಜಾಗ ಹೇಳುತ್ತದೆ. ಪ್ಯಾನೆಲ್‌ಗೆ 45 ವೋಲ್ಟಿನಂತೆ 5ರ ಸಾಲು 225. ನೆಗೆಟಿವ್ ಕಡೆ 90, ಪಾಸಿಟಿವ್ ಕಡೆ 135 ಬಂದರೆ ನೆಗೆಟಿವ್ ತುದಿಯಿಂದ ಎರಡನೇ ಮತ್ತು ಮೂರನೇ ಪ್ಯಾನೆಲ್ ನಡುವಿನ ಕನೆಕ್ಟರ್. ನೇರ ಅಲ್ಲಿಗೇ ಹತ್ತಿ.

ಬಹಳ ಸಲ ಅಲ್ಲಿ ಸಿಗುವುದು ಬೇರೆ ಬೇರೆ ಕಂಪನಿಯ ಎಂಸಿ4 ಕನೆಕ್ಟರಿನ ಗಂಡು-ಹೆಣ್ಣು ಜೋಡಿ. ಕೂರುತ್ತದೆ, ಆದರೆ ಒಪ್ಪುವುದಿಲ್ಲ. ಲೋಡ್ ಇರುವಾಗ ಅದನ್ನು ಬಿಚ್ಚಲೇಬೇಡಿ, ಡಿಸಿ ಕಿಡಿ ಕೈ ಸುಡುತ್ತದೆ.

ಕಗ್ಗಂಟು

ಮೊದಲ ಸಲ ಆನ್ ಮಾಡುವ ಕ್ರಮ ಮ್ಯಾನುಯಲ್ ಹೇಳಿದ ಹಾಗೆ, ಸಾಮಾನ್ಯವಾಗಿ ಬ್ಯಾಟರಿ, ಸೆಟ್ಟಿಂಗ್, ಗ್ರಿಡ್, ಪ್ಯಾನೆಲ್, ಕೊನೆಗೆ ಲೋಡ್. ಆಮೇಲೆ ಮೇನ್ ಸ್ವಿಚ್ ಇಳಿಸಿ ಐಲ್ಯಾಂಡ್ ಪರೀಕ್ಷೆ:

ಇನ್ವರ್ಟರಿನ ಗ್ರಿಡ್ ಪೋರ್ಟಿನಲ್ಲಿ ಫೇಸ್-ನ್ಯೂಟ್ರಲ್ ಸೊನ್ನೆಗೆ ಬಿತ್ತಾ? ಬ್ಯಾಕಪ್ ಡಿಬಿಯಲ್ಲಿ ನ್ಯೂಟ್ರಲ್-ಅರ್ತ್ 2 ವೋಲ್ಟಿನೊಳಗಾ? ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ನಂಬಿ ಕೂರಬೇಡಿ, ಅದು ಫೇಸ್‌ನಿಂದ ನ್ಯೂಟ್ರಲ್‌ಗೇ ಅಡ್ಡ ದಾರಿ ಮಾಡುವುದರಿಂದ ಅರ್ತ್ ಇಲ್ಲದಿದ್ದರೂ ಬೀಳುತ್ತದೆ. ಸಾಕೆಟಿಗೆ ಹಾಕುವ ಆರ್‌ಸಿಸಿಬಿ (ಆರ್‌ಸಿಡಿ) ಟೆಸ್ಟರಿನಿಂದ ಫೇಸ್-ಅರ್ತ್ ನಡುವೆ 30 ಮಿಲಿಆಂಪಿಯರ್ ಹರಿಸಿ ಬೀಳಿಸಿ. ಗ್ರಿಡ್ ಇದ್ದಾಗ ಒಂದು ಸಲ, ಇಲ್ಲದಾಗ ಒಂದು ಸಲ. ಎರಡನೇ ಸಲ ಬೀಳದಿದ್ದರೆ ರಿಲೇ ಕೆಲಸ ಮಾಡಿಲ್ಲ.

ಬಿಸಿಲುಕೋಲು

ಮೇನ್ ಸ್ವಿಚ್ ಮತ್ತೆ ಹಾಕಿದ ಮೇಲೂ ಪರದೆ ‘ಗ್ರಿಡ್ ಕಾಯುತ್ತಿದೆ’ ಅನ್ನುತ್ತಿದ್ದರೆ?

ಕಗ್ಗಂಟು

ಕಾಯಲಿ. ವೋಲ್ಟೇಜ್, ಫ್ರೀಕ್ವೆನ್ಸಿ ನೆಟ್ಟಗಿವೆಯಾ ಅಂತ 60 ಸೆಕೆಂಡಿನಿಂದ 5 ನಿಮಿಷ ನೋಡಿಯೇ ಸೇರುತ್ತದೆ, ಎಷ್ಟು ಹೊತ್ತು ಅನ್ನುವುದು ಗ್ರಿಡ್ ಕೋಡ್ ಮೇಲೆ. ಅಷ್ಟರ ತನಕ ಬ್ಯಾಕಪ್ ಬ್ಯಾಟರಿ ಮೇಲೇ ಓಡುತ್ತಿರುತ್ತದೆ. 5 ನಿಮಿಷ ಕಳೆದು ಎಣಿಕೆ ಮತ್ತೆ ಮೊದಲಿಂದ ಶುರುವಾದರೆ ಮಾತ್ರ ಮೀಟರ್ ಹಿಡಿದು ಗ್ರಿಡ್ ಪೋರ್ಟಿನ ವೋಲ್ಟೇಜ್ ನೋಡಿ.